ಹಳೆಯ ಕಾರಿನ ಹೀಟರು ಏನು ಹೇಳುತ್ತದೆ?

ಕೇಳಿದ ಧ್ವನಿಯನ್ನು ಕೇಳಿದಂತೆಯೇ ಅನುಕರಿಸಿ ಹೇಳುವ ಪದಗಳಿಗೆ ಅನುಕರಣಾವ್ಯಯಗಳೆಂದು ಹೆಸರು. ಗುಳುಗುಳು, ಟಕಟಕ, ಚಟಚಟ ಮುಂತಾದವನ್ನು ನೀವು ವ್ಯಾಕರಣದ ಪಾಠದಲ್ಲಿ ಓದಿದ್ದೀರಿ. ಪರೀಕ್ಷೆಯಲ್ಲಿ ಒಂದು ಅಂಕ ತರುವುದರ ಹೊರತು ಇವುಗಳಿಂದ ಏನು ಪ್ರಯೋಜನ ಎಂದು ನಿಮ್ಮಲ್ಲಿ ಕೆಲವರು ಕೇಳುವುದುಂಟು. ಅದಕ್ಕೆ ಉತ್ತರ ನನಗೆ ಗೂಡಲೂರಿನ ಒಂದು ಕಾರು ರಿಪೇರಿ ಅಂಗಡಿಯಲ್ಲಿ ದೊರೆಯಿತು.

ಒಂದು ಜನವರಿಯಲ್ಲಿ ನೆರೆಮನೆಯವರ ಹಳೆಯ ಕಾರಿನಲ್ಲಿ ಅವರ ಕುಟುಂಬದೊಡನೆ ತಾಳವಾಡಿಯಿಂದ ಉದಕಮಂಡಲಕ್ಕೆ ಹೊರಟಿದ್ದೆ. ಬಂಡೀಪುರ ದಾಟುವಾಗ ಚಳಿಗೆ ಹೀಟರು ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಮುಂದಿನ ಹಲಗೆಯ ಒಳಗಿನಿಂದ ಗುಳುಗುಳು ಸದ್ದು ಕೇಳತೊಡಗಿತು. “ಏನಿಲ್ಲ ಮೇಷ್ಟ್ರೇ, ಹಳೇ ಗಾಡಿ, ಹೀಗೇ ಗೊಣಗುತ್ತೆ” ಎಂದರು ಅವರು. ಗೂಡಲೂರು ತಲಪುವಷ್ಟರಲ್ಲಿ ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಉಷ್ಣತೆ ತೋರಿಸುವ ಮುಳ್ಳು ಮೇಲೇರಿತ್ತು. ಅಲ್ಲಿಯ ಮೆಕ್ಯಾನಿಕ್ ತಮಿಳಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಸದ್ದು ಹೇಗಿತ್ತು ಎಂದು. ನಾನು “ಗುಳುಗುಳು” ಎಂದೆ. ಅನುವಾದ ಬೇಕಾಗಲಿಲ್ಲ. ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ನೀರು ಬಹಳಷ್ಟು ಇಳಿದಿತ್ತು. ಒಂದು ರಬ್ಬರ್ ಕೊಳವೆ ಬಿರುಕುಬಿಟ್ಟಿತ್ತು. ಹಾಗೆಯೇ ಘಾಟಿ ಹತ್ತಿದ್ದರೆ ಎಂಜಿನ್ ಕೆಟ್ಟು, ಮಕ್ಕಳೊಡನೆ ನಡುದಾರಿಯಲ್ಲಿ ನಿಲ್ಲಬೇಕಾಗುತ್ತಿತ್ತು.

ಇದನ್ನು ಅರಿಯಲು ಹೀಟರಿನ ರಚನೆ ತಿಳಿದಿರಬೇಕು. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಹೆಚ್ಚಿನ ಪಾಲು ಚಕ್ರಕ್ಕೆ ತಲಪುವುದೇ ಇಲ್ಲ. ಒಂದು ಭಾಗ ಹೊಗೆಯೊಡನೆ ಹೋಗುತ್ತದೆ. ಇನ್ನೊಂದು ಭಾಗವನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೀರಿಕೊಂಡು ರೇಡಿಯೇಟರಿಗೆ ಒಯ್ಯುತ್ತದೆ. ಈ ಬಿಸಿನೀರಿನ ಒಂದಿಷ್ಟನ್ನು ಕಾರಿನೊಳಗಿರುವ ಪುಟ್ಟ ರೇಡಿಯೇಟರಿನ ಮೂಲಕ ಹರಿಸಿ, ಅದರ ಮೇಲೆ ಫ್ಯಾನಿನಿಂದ ಗಾಳಿ ಬೀಸಿದರೆ ಅದೇ ಹೀಟರು. ಎಂದರೆ ನೀರು, ಫ್ಯಾನು, ಗಾಳಿಯ ದಾರಿ ಬದಲಿಸುವ ಬಾಗಿಲು, ಇವು ಮೂರೇ ಸದ್ದಿನ ಮೂಲಗಳು.

ಮೂಲವನ್ನು ಕಂಡುಹಿಡಿಯಲು ಮೂರು ಪರೀಕ್ಷೆಗಳು ಸಾಕು. ಮೊದಲು ಎಂಜಿನ್ ಚಾಲೂ ಮಾಡದೆ, ಕೀಲಿ ತಿರುಗಿಸಿ ಫ್ಯಾನು ಮಾತ್ರ ಹಾಕಿರಿ. ಸದ್ದು ಬಂದರೆ ಅದು ಫ್ಯಾನಿನದು. ಪಟಪಟ ಎಂದು ಬಡಿದು, ವೇಗ ಹೆಚ್ಚಿಸಿದಂತೆ ಹೆಚ್ಚಿದರೆ ಒಣಗಿದ ಎಲೆಯೋ ಕಾಗದದ ಚೂರೋ ಸಿಕ್ಕಿಕೊಂಡಿರಬಹುದು. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಇದು ಸಾಮಾನ್ಯ. ಚಳಿಯ ಮುಂಜಾನೆ ಕೀಚುಕೀಚು ಎಂದು ಆಮೇಲೆ ಅಡಗಿದರೆ ಮೋಟರಿನ ಬೇರಿಂಗು ಒಣಗಿದೆ ಅಥವಾ ಸವೆದಿದೆ.

ಎರಡನೆಯದು, ಫ್ಯಾನು ನಿಲ್ಲಿಸಿ, ಬಿಸಿ–ತಂಪಿನ ಗುಬುಟನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿರಿ. ಆಗ ಟಕಟಕ ಎಂದರೆ ಒಳಗಿನ ಬಾಗಿಲಿನ ಹಲ್ಲುಚಕ್ರವೋ ತಂತಿಯೋ ಕೆಟ್ಟಿರಬಹುದು. ಇದರಿಂದ ಕಿರಿಕಿರಿ ಹೆಚ್ಚು, ಅಪಾಯ ಕಡಿಮೆ.

ಮೂರನೆಯದು, ಫ್ಯಾನು ನಿಲ್ಲಿಸಿ ಎಂಜಿನ್ ಮಾತ್ರ ಓಡಿಸಿರಿ. ಗುಳುಗುಳು ಕೇಳಿದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಆಗತಾನೆ ನೀರು ಬದಲಿಸಿದ್ದರೆ ಗಾಳಿ ಉಳಿದಿರಬಹುದು. ಇಲ್ಲವಾದರೆ ನೀರು ಎಲ್ಲಿಯೋ ಸೋರುತ್ತಿದೆ. ಬುಸ್ಸೆಂಬ ಸದ್ದಿನೊಡನೆ ಸಿಹಿ ವಾಸನೆ ಬಂದು, ಗಾಜು ಮಸುಕಾಗಿ, ಕಾಲ ಕೆಳಗಿನ ಹಾಸು ಒದ್ದೆಯಾದರೆ ಕಾರಿನೊಳಗೇ ಸೋರಿಕೆಯಾಗಿದೆ. ನೀರಿಗೆ ಬೆರೆಸುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಕ್ಕಳೂ ನಾಯಿಬೆಕ್ಕುಗಳೂ ಅದನ್ನು ಮುಟ್ಟದಂತೆ ನೋಡಿಕೊಳ್ಳಬೇಕು.

ಒಂದು ಮುಖ್ಯ ಎಚ್ಚರಿಕೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು, ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಎಂಜಿನ್ನಿನ ನೀರು ಅದಕ್ಕಿಂತ ಹೆಚ್ಚು ಕಾದರೂ ಕುದಿಯದಿರುವುದು, ರೇಡಿಯೇಟರಿನ ಬಿಗಿ ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಥಟ್ಟನೆ ಇಳಿದು, ನೀರು ಆವಿಯಾಗಿ ಮುಖಕ್ಕೆ ಎರಚುತ್ತದೆ. ಆದ್ದರಿಂದ ಮುಳ್ಳು ಮೇಲೇರಿದರೆ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಅದು ಪೂರ್ತಿ ತಣಿಯುವವರೆಗೆ ಕಾಯಿರಿ. ಅವಸರ ಬೇಡ.

ಕಾಯಿಲೆ ಮೊದಲು ಸಣ್ಣಗೆ ಹೇಳಿಕೊಳ್ಳುತ್ತದೆ, ಕೇಳದಿದ್ದರೆ ಮಲಗಿಸುತ್ತದೆ. ಯಂತ್ರವೂ ಹಾಗೆಯೇ. ಮಕ್ಕಳೇ, ಮುಂದಿನ ಪ್ರಯಾಣದಲ್ಲಿ ಹೊಸ ಸದ್ದೊಂದು ಕಿವಿಗೆ ಬಿದ್ದರೆ ಅದಕ್ಕೆ ಸರಿಯಾದ ಅನುಕರಣಾವ್ಯಯವನ್ನು ಹುಡುಕಿ ಹಿರಿಯರಿಗೆ ಹೇಳಿರಿ. ಹಿರಿಯರೇ, ಮಕ್ಕಳು ಹೇಳಿದಾಗ “ಹಳೇ ಗಾಡಿ” ಎಂದು ಸುಮ್ಮನಾಗಬೇಡಿರಿ.