ಕಾದು ಕುಳಿತ ಕಂಪ್ಯೂಟರು

ಮದುವೆ, ನಾಮಕರಣ, ತೀರ್ಥಯಾತ್ರೆಗಳ ಛಾಯಾಚಿತ್ರಗಳನ್ನೂ ವಿಡಿಯೋಗಳನ್ನೂ ಅಂಗೈಯಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟು, ಬೇಕೆನಿಸಿದಾಗ ಕಂಪ್ಯೂಟರಿಗೆ ಸಿಕ್ಕಿಸಿ ನೋಡುವ ಪದ್ಧತಿ ಈಗ ಮನೆಮನೆಯಲ್ಲಿಯೂ ಉಂಟು. ಅದುವರೆಗೆ ಚುರುಕಾಗಿಯೇ ನಡೆಯುತ್ತಿದ್ದ ಯಂತ್ರವು ಈ ಡಿಸ್ಕನ್ನು ಸಿಕ್ಕಿಸಿದೊಡನೆ ಮಂಕು ಬಡಿದಂತಾಗಿ, ಫೋಲ್ಡರ್ ತೆರೆಯಹೋದರೆ ಸಣ್ಣದೊಂದು ವೃತ್ತ ಸುತ್ತುತ್ತಲೇ ಇರುವುದನ್ನೂ, ಬರೆದ ಪತ್ರವನ್ನು ಸೇವ್ ಮಾಡಹೋದರೆ ತೆರೆಯೆಲ್ಲ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಎಂಬ ಒಕ್ಕಣೆ ಕಾಣಿಸಿಕೊಳ್ಳುವುದನ್ನೂ ಅನುಭವಿಸಿದವರು ವಿರಳವೇನಲ್ಲ. ಅವರಲ್ಲಿ ಬಹುಮಂದಿ ಕಂಪ್ಯೂಟರಿಗೆ ವಯಸ್ಸಾಯಿತೆಂದು ನಿರ್ಣಯಿಸಿ, ಇನ್ನಷ್ಟು ರ‍್ಯಾಮ್ ಹಾಕಿಸಲು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಡಿಸ್ಕು ಸಿಕ್ಕಿಸಿದಾಗ ಮಾತ್ರ ತೋರುವ ಈ ವ್ಯಾಧಿಗೆ ಅದು ಔಷಧವಾಗುವುದು ಅಪರೂಪ.

ಇಂಥ ಸಮಯದಲ್ಲಿ ಯಂತ್ರವು ದುಡಿದು ದಣಿದಿರುವುದಿಲ್ಲ, ಸುಮ್ಮನೆ ಕಾದು ಕುಳಿತಿರುತ್ತದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ‘ಪರ್ಫಾರ್ಮೆನ್ಸ್’ ಎಂಬ ಪುಟವನ್ನು ತೆರೆಯಬೇಕು. ಸಿಪಿಯು ಎಂಬ ಸಾಲಿನಲ್ಲಿ ನೂರಕ್ಕೆ ಐದೋ ಹತ್ತೋ ಪಾಲು ಕೆಲಸ ಕಂಡು, ಹೊರಗಿನ ಡಿಸ್ಕಿನ ಸಾಲಿನಲ್ಲಿ ಮಾತ್ರ ‘ಆ್ಯಕ್ಟಿವ್ ಟೈಮ್’ ನೂರಕ್ಕೆ ನೂರು ಎಂದಿದ್ದು, ಅದರ ಕೆಳಗೇ ಓದುವ ಬರೆಯುವ ವೇಗಗಳು ಸೊನ್ನೆಯ ಆಸುಪಾಸಿನಲ್ಲಿದ್ದರೆ ರೋಗದ ಸ್ಥಾನ ತಿಳಿದಂತೆಯೇ ಸರಿ. ಗುಮಾಸ್ತನು ಲೇಖನಿ ಹಿಡಿದು ಸಿದ್ಧನಾಗಿದ್ದಾನೆ, ಕಡತ ತರಲು ದಫ್ತರಖಾನೆಗೆ ಹೋದ ಜವಾನ ಮಾತ್ರ ಇನ್ನೂ ಬಂದಿಲ್ಲ. ಕಚೇರಿಯ ಕೆಲಸವೆಲ್ಲ ಅಲ್ಲಿಗೆ ನಿಂತಿದೆ.

ಈ ಜವಾನನ ನಡಿಗೆಯೇಕೆ ನಿಧಾನವೆಂಬುದು ಡಿಸ್ಕಿನ ಅಂತರಂಗವನ್ನು ನೋಡಿದರೆ ವಿಶದವಾಗುತ್ತದೆ. ಅದರೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು, ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತಿನಂತೆ, ತಿರುಗುತ್ತಿರುತ್ತವೆ. ಅವುಗಳ ಮೇಲ್ಮೈಯನ್ನು ಮುಟ್ಟಿಯೂ ಮುಟ್ಟದಂತೆ ತೇಲುವ ಸೂಕ್ಷ್ಮವಾದ ತಲೆಯೊಂದು, ಬೇಕಾದ ಪಥಕ್ಕೆ ಸರಿದು, ಬೇಕಾದ ಅಕ್ಷರಗಳು ತನ್ನ ಕೆಳಗೆ ಹಾದುಬರುವವರೆಗೂ ನಿಂತಿರಬೇಕು. ಇದಕ್ಕೆಲ್ಲ ಹಿಡಿಯುವ ಕಾಲ ಸುಮಾರು 15 ಮಿಲಿಸೆಕೆಂಡು. ನಮಗಿದು ಕಣ್ಣೆವೆ ಬಡಿಯುವಷ್ಟೂ ಅಲ್ಲ. ಆದರೆ ಸೆಕೆಂಡಿಗೆ ಮುನ್ನೂರು ಕೋಟಿ ಸಲ ಮಿಡಿಯುವ ಪ್ರೊಸೆಸರಿಗೆ ಅಷ್ಟರೊಳಗೆ ನಾಲ್ಕೂವರೆ ಕೋಟಿ ಮಿಡಿತಗಳು ಕಳೆದುಹೋಗಿರುತ್ತವೆ. ಡಿಸ್ಕು ಆರೋಗ್ಯವಾಗಿದ್ದಾಗಲೇ ಅಂತರ ಇಷ್ಟು.

ಪತ್ರವಿರುವುದು ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ. ಅದನ್ನು ಸೇವ್ ಮಾಡುವುದಕ್ಕೆ ಹೊರಗಿನ ಡಿಸ್ಕು ಏಕೆ ಅಡ್ಡಬರಬೇಕು ಎಂದು ವಾಚಕರು ಕೇಳಬಹುದು, ಕೇಳತಕ್ಕದ್ದೇ. ಸೇವ್ ಮಾಡುವ ಚೌಕಟ್ಟು ತೆರೆಯುವಾಗ ವಿಂಡೋಸ್ ತನಗೆ ಜೋಡಿಸಿರುವ ಡಿಸ್ಕುಗಳ ಕುಶಲವನ್ನು ವಿಚಾರಿಸಿಕೊಳ್ಳುತ್ತದೆ. ಹೊರಗಿನ ಡಿಸ್ಕೋ, ಕೆಲವು ನಿಮಿಷ ಯಾರೂ ಮಾತನಾಡಿಸದಿದ್ದರೆ ವಿದ್ಯುತ್ತನ್ನು ಉಳಿಸಲೆಂದು ತಟ್ಟೆಗಳನ್ನು ನಿಲ್ಲಿಸಿ ನಿದ್ರಿಸುವ ಸ್ವಭಾವದ್ದು. ಅದು ಎಚ್ಚೆತ್ತು, ತಟ್ಟೆಗಳು ಪೂರ್ಣ ವೇಗವನ್ನು ಪಡೆದು, ಉತ್ತರ ಹೇಳುವವರೆಗೆ ಹಲವು ಸೆಕೆಂಡುಗಳೇ ಬೇಕು. ಸಣ್ಣಗೆ ಗುಂಯ್ ಎಂಬ ಸದ್ದು ಏರಿ ಸ್ಥಿರವಾದೊಡನೆ ತೆರೆ ಮರಳಿ ಚೇತರಿಸಿಕೊಂಡರೆ ಇದು ನಿದ್ರೆಯಷ್ಟೆ, ರೋಗವಲ್ಲ. ಕೆಲಸವಿಲ್ಲದಾಗ ‘ಇಜೆಕ್ಟ್’ ಕೊಟ್ಟು ಡಿಸ್ಕನ್ನು ತೆಗೆದಿಡುವುದೇ ಇದಕ್ಕೆ ಸುಲಭೋಪಾಯ. ಕಂಪ್ಯೂಟರು ಶುರುವಾಗುವಾಗಲೇ ಕಂಪನಿಯ ಲಾಂಛನದ ಬಳಿ ನಿಂತುಬಿಡುತ್ತಿದ್ದರೂ ಇದನ್ನೇ ಮಾಡಿ ನೋಡಬೇಕು: ಕಂಪ್ಯೂಟರನ್ನು ಮೊದಲು ಎಬ್ಬಿಸುವ ಬಯಾಸ್ ಎಂಬ ತಂತ್ರಾಂಶವು ಆ ಡಿಸ್ಕಿನಲ್ಲಿ ವಿಂಡೋಸನ್ನು ಹುಡುಕುತ್ತಿರುವ ಸಂಭವವುಂಟು, ಬೂಟ್ ಆಗುವ ಅನುಕ್ರಮವನ್ನು ಬದಲಿಸಿದರೆ ಅದು ತಪ್ಪುತ್ತದೆ.

ಕೇಬಲನ್ನು ಅನುಮಾನಿಸುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. 2000ದಲ್ಲಿ ಬಂದ ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ ಎಂದು ಹೇಳಿಕೊಂಡರೂ ಬಳಕೆಯಲ್ಲಿ 30ರಿಂದ 40 ಮೆಗಾಬೈಟ್ ದಾಟುವುದು ಕಷ್ಟ. 2008ರ ಯುಎಸ್‌ಬಿ 3.0ರ ಮಿತಿ 5 ಗಿಗಾಬಿಟ್, ಅಂದರೆ ಹತ್ತುಪಟ್ಟಿಗೂ ಹೆಚ್ಚು. ಹೊಸ ಡಿಸ್ಕನ್ನು ಹಳೆಯ ಪೋರ್ಟಿಗೆ ಸಿಕ್ಕಿಸಿದರೆ ಅದು ಹಳೆಯದರ ವೇಗದಲ್ಲಿಯೇ ನಡೆಯುತ್ತದೆ. ಪೋರ್ಟಿನ ಒಳನಾಲಿಗೆ ನೀಲಿಯಾಗಿದ್ದರೆ ಸಾಮಾನ್ಯವಾಗಿ ಅದು 3.0. ವಿದ್ಯುತ್ತಿನ ವಿಷಯವಂತೂ ಇನ್ನೂ ಮುಖ್ಯ. ಈ ಸಣ್ಣ ಡಿಸ್ಕುಗಳಿಗೆ ಪ್ರತ್ಯೇಕವಾದ ಅಡಾಪ್ಟರ್ ಇಲ್ಲದೆ, ಪೋರ್ಟು ಕೊಟ್ಟ ವಿದ್ಯುತ್ತಿನಿಂದಲೇ ತಟ್ಟೆಗಳು ತಿರುಗಬೇಕು. ನಿಯಮದ ಪ್ರಕಾರ ಹಳೆಯ ಪೋರ್ಟು ಕೊಡುವುದು 500 ಮಿಲಿಆ್ಯಂಪಿಯರ್, ಹೊಸದು 900. ಸವೆದ ಕೇಬಲಿನಲ್ಲಿಯೋ, ನಾಲ್ಕಾರು ಉಪಕರಣಗಳು ಹಂಚಿಕೊಂಡ ಹಬ್ಬಿನಲ್ಲಿಯೋ ಈ ಆಹಾರ ಸಾಲದೆ ಹೋದಾಗ ಡಿಸ್ಕು ಎದ್ದು, ಬಿದ್ದು, ಮತ್ತೆ ಏಳುತ್ತದೆ. ಅದು ಎದ್ದಾಗಲೆಲ್ಲ ಕಂಪ್ಯೂಟರು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಹಬ್ಬನ್ನು ಬಿಟ್ಟು ನೇರವಾಗಿ ಸಿಕ್ಕಿಸಿ ನೋಡುವುದು, ಬೇರೆ ಪೋರ್ಟು, ಬೇರೆ ಕೇಬಲು, ಕಡೆಗೆ ಬೇರೆ ಕಂಪ್ಯೂಟರು, ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದರೆ ಅಪರಾಧಿ ಸಿಕ್ಕುತ್ತಾನೆ; ಎಲ್ಲವನ್ನೂ ಒಮ್ಮೆಗೇ ಬದಲಿಸಿದವನಿಗೆ ವಾಸಿಯಾದರೂ ಯಾವುದರಿಂದ ವಾಸಿಯಾಯಿತೆಂದು ತಿಳಿಯುವುದಿಲ್ಲ.

ತಪ್ಪು ಕೇಬಲಿನದೂ ಅಲ್ಲದಿದ್ದರೆ, ಆ್ಯಂಟಿವೈರಸ್ ಹೊಸ ಡಿಸ್ಕನ್ನು ಶೋಧಿಸುತ್ತಿರಬಹುದು. ಆ್ಯಪಲ್ ಕಂಪ್ಯೂಟರಾದರೆ ಸ್ಪಾಟ್‌ಲೈಟ್ ಎಂಬುದು ಅದರ ಸೂಚಿಯನ್ನು ಬರೆದುಕೊಳ್ಳುತ್ತಿರಬಹುದು. ಅವನ್ನು ಒಂದು ರಾತ್ರಿ ಅವುಗಳ ಪಾಡಿಗೆ ಬಿಟ್ಟರೆ ಸಾಮಾನ್ಯವಾಗಿ ಮುಗಿಯುತ್ತದೆ. ಇನ್ನೊಂದು ವಿನೋದವುಂಟು: ಯುಎಸ್‌ಬಿ 3.0ರ ವ್ಯವಹಾರದಿಂದ ಹೊರಸೂಸುವ ರೇಡಿಯೋ ಗದ್ದಲವು 2.4 ಗಿಗಾಹರ್ಟ್ಸ್ ಮೌಸುಗಳ ಸಂಕೇತವನ್ನು ಕೆಡಿಸುತ್ತದೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದೆ. ತಡವರಿಸುವುದು ಬಾಣದ ಗುರುತು ಮಾತ್ರವಾದರೆ ಮೌಸಿನ ರಿಸೀವರನ್ನು ಡಿಸ್ಕಿನಿಂದ ದೂರದ ಪೋರ್ಟಿಗೆ ಸರಿಸಿ ನೋಡಬೇಕು.

ಇಷ್ಟಕ್ಕೂ ಜಗ್ಗದಿದ್ದರೆ ಡಿಸ್ಕೇ ಸವೆಯುತ್ತಿದೆಯೆಂಬ ಶಂಕೆಗೆ ಆಸ್ಪದವುಂಟು. ತಟ್ಟೆಯ ಮೇಲಿನ ಒಂದು ಸೆಕ್ಟರು ದುರ್ಬಲವಾದಾಗ ಡಿಸ್ಕು ಅದನ್ನು ಒಂದು ಸಲಕ್ಕೆ ಬಿಡದೆ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಆ ಛಲವು ನಮ್ಮ ಮಾಹಿತಿಯ ಹಿತಕ್ಕಾಗಿಯೇ ಇದ್ದರೂ, ಅಷ್ಟೂ ಹೊತ್ತು ಕಂಪ್ಯೂಟರು ಕಾಯಬೇಕಾಗುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕು ತನ್ನ ವಿಷಯವಾಗಿ ತಾನೇ ಬರೆದುಕೊಂಡಿರುವ ‘ಸ್ಮಾರ್ಟ್’ ದಾಖಲೆಯನ್ನು ತೋರಿಸುತ್ತದೆ. ಅದರಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬಲ್ಲಿ ಸೊನ್ನೆಯಲ್ಲದ ಸಂಖ್ಯೆ ಕಂಡರೆ, ಅದೂ ದಿನದಿನಕ್ಕೆ ಏರುತ್ತಿದ್ದರೆ, ಆ ಡಿಸ್ಕನ್ನು ಇನ್ನು ನಂಬತಕ್ಕದ್ದಲ್ಲ.

ಇಲ್ಲಿ ಬಹುಮಂದಿಯ ಕೈ ನೇರವಾಗಿ, ಡಿಸ್ಕನ್ನು ಪರೀಕ್ಷಿಸುವ ವಿಂಡೋಸಿನ ಉಪಕರಣವಾದ ಚೆಕ್‌ಡಿಸ್ಕ್ ಕಡೆಗೆ ಹೋಗುತ್ತದೆ. ‘ಆರ್’ ಎಂಬ ಸೂಚನೆಯೊಡನೆ ಅದನ್ನು ಓಡಿಸಿದರೆ ಅದು ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಓದಿಸುತ್ತದೆ. ಕೊನೆಯುಸಿರು ಹಿಡಿದಿರುವ ಡಿಸ್ಕಿಗೆ ಆ ಶ್ರಮವೇ ಪ್ರಾಣಾಂತಿಕವಾಗಬಹುದು. ಮೊದಲು ಆಗಬೇಕಾದದ್ದು ಪ್ರತಿ ತೆಗೆದುಕೊಳ್ಳುವ ಕೆಲಸ: ಮತ್ತೆಲ್ಲಿಯೂ ದೊರೆಯದ ಚಿತ್ರಗಳು ಮುಂಚೆ, ಸಿನಿಮಾಗಳು ಆಮೇಲೆ, ಒಂದು ಫೈಲು ಹಟ ಹಿಡಿದರೆ ಅದನ್ನು ಬಿಟ್ಟು ಮುಂದಿನದಕ್ಕೆ. ಲಿನಕ್ಸ್ ಬಲ್ಲವರ ಬಳಿ ಇರುವ ಡಿಡಿರೆಸ್ಕ್ಯೂ ಎಂಬ ಉಪಕರಣ ಇದೇ ನ್ಯಾಯದಿಂದ ಸುಲಭವಾಗಿ ಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕಡೆಯಲ್ಲಿ ಮರಳುತ್ತದೆ. ಟಕ್ ಟಕ್ ಎಂಬ ಸದ್ದು ಶುರುವಾಗಿ, ಕೇಬಲು ಪೋರ್ಟುಗಳನ್ನು ಬದಲಿಸಿದರೂ ನಿಲ್ಲದಿದ್ದರೆ ಅದಕ್ಕೂ ಅವಕಾಶವಿಲ್ಲ. ಕೂಡಲೇ ತಂತಿಯನ್ನು ಕಳಚಿ, ಒಳಗಿರುವುದು ಖರ್ಚಿಗೆ ತಕ್ಕದ್ದೆಂದು ತೋರಿದರೆ ಡೇಟಾ ರಿಕವರಿ ಮಾಡುವವರಲ್ಲಿಗೆ ಒಯ್ಯಬೇಕು, ಮನೆಯಲ್ಲಿ ಅದರ ತಿರುಪುಗಳನ್ನು ಬಿಚ್ಚಬಾರದು.