ಪೂಡಲ್: ಉದುರದ ಕೂದಲು, ತಪ್ಪದ ಬಾಚಣಿಗೆ



ನಾಯಿ ಬಾಲ ಡೊಂಕು ಎನ್ನುವುದು ನಮಗೆಲ್ಲ ಗೊತ್ತಿರುವ ಮಾತು. ಆದರೆ ಮೈಮೇಲಿನ ಕೂದಲೆಲ್ಲ ಡೊಂಕಾದ ನಾಯಿಯನ್ನು ನೋಡಿದ್ದೀರಾ? ಅದೇ ಪೂಡಲ್! ಮುಂಬೈಯ ಲಿಫ್ಟಿನಲ್ಲೋ, ಪುಣೆಯ ಸೊಸೈಟಿ ಅಂಗಳದಲ್ಲೋ ಅದನ್ನು ಕಂಡ ಮಕ್ಕಳು "ಅಮ್ಮಾ, ಟೆಡ್ಡಿ ಬೇರ್!" ಎಂದು ಸೆರಗು ಜಗ್ಗುತ್ತಾರೆ. ಮಾರುವವರು "ಕೂದಲು ಉದುರೋದಿಲ್ಲ, ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು" ಎನ್ನುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ಮರಿ ತರುವ ಮೊದಲೇ ತಿಳಿದುಕೊಳ್ಳೋಣ.

ನೀರಿಗಿಳಿಯುವ ಕಸುಬು

ನೀರುನಾಯಿ ಎಂದರೆ ನಮಗೆ ಕಾವೇರಿ, ತುಂಗಭದ್ರೆಗಳಲ್ಲಿ ಮೀನು ಹಿಡಿಯುವ ಪ್ರಾಣಿ ನೆನಪಾಗುತ್ತದೆ. ಇದು ಅದಲ್ಲ, ನಿಜವಾದ ನಾಯಿಯೇ. ಯುರೋಪಿನಲ್ಲಿ ಬೇಟೆಗಾರರು ಹೊಡೆದ ಬಾತುಗಳನ್ನು ನೀರಿಗಿಳಿದು ತರುವುದು ಇದರ ಕಸುಬಾಗಿತ್ತು. ಪೂಡಲ್ ಎಂಬ ಹೆಸರು ಬಂದದ್ದು ಜರ್ಮನ್ ಭಾಷೆಯಿಂದ. ನೀರಿನಲ್ಲಿ ಪಚಪಚ ಆಡುವುದು ಎಂದು ಅರ್ಥ. ತಣ್ಣೀರಿನಲ್ಲಿ ಮೈ ಬೆಚ್ಚಗಿರಲೆಂದೇ ಈ ದಟ್ಟ ಗುಂಗುರು ಕೂದಲು.

ಗಾತ್ರದಲ್ಲಿ ನಾಲ್ಕು ಬಗೆಯಿವೆ. ಅತಿ ದೊಡ್ಡದು ಭುಜದವರೆಗೆ 45 ಸೆಂ.ಮೀ.ಗಿಂತ ಎತ್ತರ, ಅತಿ ಚಿಕ್ಕ 'ಟಾಯ್' ಪೂಡಲ್ 28 ಸೆಂ.ಮೀ. ಮೀರುವುದಿಲ್ಲ. ಗಾತ್ರ ಯಾವುದಾದರೂ ಕೂದಲಿನ ಕೆಲಸ ಒಂದೇ!

ಉದುರದ ಕೂದಲು ಎಲ್ಲಿ ಹೋಗುತ್ತದೆ?

ಬೇರೆ ನಾಯಿಗಳ ಸತ್ತ ಕೂದಲು ನೆಲಕ್ಕೆ, ಸೋಫಾಕ್ಕೆ ಬೀಳುತ್ತದೆ. ಪೂಡಲ್‌ನ ಸತ್ತ ಕೂದಲು ಪಕ್ಕದ ಗುಂಗುರಿಗೇ ಸಿಕ್ಕಿಕೊಳ್ಳುತ್ತದೆ. ನಾಲ್ಕು ದಿನ ಬಿಟ್ಟರೆ ಸಿಕ್ಕು, ಎರಡು ವಾರ ಬಿಟ್ಟರೆ ಜಡೆ. ಜಡೆಯ ಕೆಳಗೆ ಗಾಳಿಯಾಡದೆ ಚರ್ಮ ಕೆಂಪಾಗುತ್ತದೆ, ಉಣ್ಣಿಗಳು ಅಡಗಿ ಕೂರುತ್ತವೆ, ಪ್ರತಿ ಹೆಜ್ಜೆಗೂ ಕೂದಲು ಜಗ್ಗಿ ನೋಯುತ್ತದೆ. ಆದರೆ ಮೇಲಿಂದ ನೋಡಿದರೆ ನಾಯಿ ಮುದ್ದಾಗಿಯೇ ಕಾಣುತ್ತದೆ! ಮೋಸ ಇರುವುದೇ ಇಲ್ಲಿ.

ಆದ್ದರಿಂದ ದಿನಕ್ಕೆ ಹತ್ತು ಹದಿನೈದು ನಿಮಿಷ ಬಾಚಲೇಬೇಕು. ಮೇಲೆ ಮೇಲೆ ಬ್ರಷ್ ಆಡಿಸಿದರೆ ಸಾಲದು. ಬೈತಲೆ ತೆಗೆದಂತೆ ಕೂದಲನ್ನು ಬೇರ್ಪಡಿಸಿ, ಬುಡದಿಂದ ತುದಿಯವರೆಗೆ ಬಾಚಿ. ಕೊನೆಗೆ ಲೋಹದ ಬಾಚಣಿಗೆ ಬುಡದಿಂದ ಸಲೀಸಾಗಿ ಹಾದು ಬಂದರೆ ನೀವು ಪಾಸು! ಕಿವಿಯ ಹಿಂದೆ, ಕಂಕುಳು, ಕೊರಳಪಟ್ಟಿಯ ಕೆಳಗೆ, ತೊಡೆಸಂದಿ, ಇಷ್ಟನ್ನು ಮರೆಯಬೇಡಿ. ಸ್ನಾನಕ್ಕೆ ಮೊದಲೇ ಸಿಕ್ಕು ಬಿಡಿಸಿ. ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿ ಹಾಕಿಸಬೇಕು. ಮರಿಗೆ ಒಂದು ವರ್ಷವಾಗುವ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಆಗ ಸಿಕ್ಕಾಗುವುದು ಅತಿ ಹೆಚ್ಚು.

ಇಷ್ಟು ಸಮಯವಿಲ್ಲವೇ? ಚಿಂತೆ ಬೇಡ. ಮೈಯೆಲ್ಲ ಒಂದೇ ಸಮ ಗಿಡ್ಡಗೆ ಕತ್ತರಿಸಿಡಿ. ದೆಹಲಿಯ ಬೇಸಿಗೆಗೂ ಚೆನ್ನೈಯ ಬೆವರಿಗೂ ಅದೇ ಹಿತ. ಆದರೆ ಚರ್ಮ ಕಾಣುವಷ್ಟು ಬೋಳಿಸಬೇಡಿ, ಬಿಸಿಲಿಗೆ ಸುಟ್ಟೀತು.

ಅಲರ್ಜಿ ಇದ್ದವರಿಗೆ ಒಂದು ಮಾತು

"ಈ ನಾಯಿಯಿಂದ ಅಲರ್ಜಿ ಬರುವುದಿಲ್ಲ" ಎಂಬ ಮಾತನ್ನು ನಂಬಿ ಮರಿ ತರಬೇಡಿ. ಅಲರ್ಜಿ ತರುವ ಪ್ರೋಟೀನ್ ಇರುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ನೆದರ್ಲೆಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 'ಅಲರ್ಜಿ ತರದ' ತಳಿಗಳೆಂದು ಹೆಸರಾದ ನಾಯಿಗಳ ಮನೆಗಳಲ್ಲೂ ಆ ಪ್ರೋಟೀನ್ ಕಡಿಮೆಯೇನೂ ಇರಲಿಲ್ಲ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ, ಮೊದಲು ಪೂಡಲ್ ಇರುವ ಸ್ನೇಹಿತರ ಮನೆಯಲ್ಲಿ ನಾಲ್ಕಾರು ಸಲ ಕುಳಿತು ಬನ್ನಿ, ವೈದ್ಯರನ್ನೂ ಕೇಳಿ. ತಂದ ಮೇಲೆ ವಾಪಸು ಕಳಿಸಿದರೆ ನೋವು ಮಕ್ಕಳಿಗೂ ಹೌದು, ನಾಯಿಗೂ ಹೌದು.

ಕಿವಿ ಮತ್ತು ಮಳೆಗಾಲ

ಜೋಲು ಕಿವಿ, ಒಳಗೂ ಕೂದಲು, ಜೊತೆಗೆ ಮಳೆಗಾಲದ ತೇವ! ಸೋಂಕಿಗೆ ಇನ್ನೇನು ಬೇಕು? ಸ್ನಾನವೋ ಈಜೋ ಆದ ಮೇಲೆ ಕಿವಿಯನ್ನು ಚೆನ್ನಾಗಿ ಒರೆಸಿ. ತಲೆ ಕೊಡವುತ್ತಲೇ ಇದ್ದರೆ, ಕಿವಿಯಿಂದ ವಾಸನೆ ಬಂದರೆ ಪಶುವೈದ್ಯರ ಬಳಿಗೆ ಹೊರಡಿ, ಮನೆಮದ್ದು ಬೇಡ.

ನೀರಿನ ತಳಿ ಎಂದು ಮುಂಬೈ ಮಳೆಯ ರಸ್ತೆ ನೀರಿಗೆ ಬಿಡಬೇಡಿ. ಇಲಿ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ; ಅದು ನಾಯಿಯಿಂದ ಮನುಷ್ಯರಿಗೂ ಹರಡಬಲ್ಲದು. ರೇಬೀಸ್ ಲಸಿಕೆಯಂತೆ ಇದರ ಲಸಿಕೆಯನ್ನೂ ತಪ್ಪಿಸಬೇಡಿ.

ಬುದ್ಧಿವಂತನಿಗೆ ಬೇಸರ ಬೇಗ

ಪೂಡಲ್ ಬಹಳ ಚುರುಕು. ಹೇಳಿಕೊಟ್ಟದ್ದನ್ನು ಬೇಗ ಕಲಿಯುತ್ತದೆ, ಹೇಳಿಕೊಡದಿದ್ದನ್ನೂ ಕಲಿಯುತ್ತದೆ! ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಅದು ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ. ಅದು ತಂಟೆಯಲ್ಲ, ಒಂಟಿತನ. ಎರಡು ಹೊತ್ತು ವಾಕಿಂಗ್, ಒಂದಿಷ್ಟು ಆಟ, ಹಗಲಲ್ಲಿ ಯಾರಾದರೊಬ್ಬರ ಜೊತೆ ಬೇಕೇ ಬೇಕು.

ಎಂಟು ವಾರ ತುಂಬದ ಮರಿಯನ್ನು ಮಾರುವುದಕ್ಕೆ 2017ರ ಕೇಂದ್ರ ನಿಯಮಗಳಲ್ಲಿ ಅವಕಾಶವಿಲ್ಲ. ತಾಯಿ ನಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ಕೊಳ್ಳಬೇಡಿ.

ಚೆನ್ನಾಗಿ ನೋಡಿಕೊಂಡರೆ ಪೂಡಲ್ ಹನ್ನೆರಡು, ಹದಿನಾಲ್ಕು ವರ್ಷ ಬಾಳುತ್ತದೆ. ಈಗ ಒಂದನೇ ತರಗತಿಯಲ್ಲಿರುವ ನಿಮ್ಮ ಮಗಳು ಕಾಲೇಜಿಗೆ ಹೋಗುವವರೆಗೆ! ಅಷ್ಟು ವರ್ಷ, ದಿನಕ್ಕೆ ಹದಿನೈದು ನಿಮಿಷ ಬಾಚಣಿಗೆ ಹಿಡಿಯುವವರು ಮನೆಯಲ್ಲಿ ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರು ಸಿಕ್ಕ ದಿನ ಮರಿ ತನ್ನಿ. ಸಿಗದಿದ್ದರೆ ಲಿಫ್ಟಿನಲ್ಲಿ ಸಿಗುವ ಪಕ್ಕದ ಮನೆಯ ಪೂಡಲ್ ಇದ್ದೇ ಇದೆಯಲ್ಲ, ಯಜಮಾನರನ್ನು ಕೇಳಿ ತಲೆ ಸವರಿ. ಅದಕ್ಕೂ ಖುಷಿ, ನಿಮಗೂ ಖುಷಿ.