ಡೀಸೆಲ್ ವಾಹನಗಳ ಟರ್ಬೊ ಒತ್ತಡದಲ್ಲಿ ಏರಿಳಿತ: ದೋಷವನ್ನು ಕಂಡುಹಿಡಿಯುವ ಕ್ರಮ

ಫಸಲು ಎಷ್ಟು ಹುಲುಸಾಗಿ ಬಂದಾಗ್ಯೂ, ಅದು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಯನ್ನು ಸೇರದಿದ್ದಲ್ಲಿ ಬೆಳೆದವನ ಶ್ರಮವು ವ್ಯರ್ಥವಾಗುವುದು. ಟೊಮೇಟೋ, ಸೊಪ್ಪು, ಹೂವು ಮೊದಲಾದ ಬೇಗನೆ ಕೆಡುವ ಪದಾರ್ಥಗಳನ್ನು ಸಾಗಿಸಲು ಎತ್ತಿನ ಗಾಡಿಯ ಬದಲಾಗಿ ಈಗ ಡೀಸೆಲ್ ಪಿಕಪ್ ವಾಹನಗಳು ಎಲ್ಲೆಲ್ಲಿಯೂ ಬಳಕೆಗೆ ಬಂದಿವೆ. ಇಂತಹ ವಾಹನವು ಹೇರು ತುಂಬಿಕೊಂಡು ಏರನ್ನು ಹತ್ತುವಾಗ ಒಂದು ಕ್ಷಣ ರಭಸದಿಂದ ಎಳೆದು, ಮರುಕ್ಷಣವೇ ಸೋತು, ಪುನಃ ಚೇತರಿಸಿಕೊಳ್ಳುವುದುಂಟು. ಆಗ "ಟರ್ಬೊ ಕೆಟ್ಟಿದೆ, ಹೊಸದನ್ನು ಹಾಕಿಸಿ" ಎಂಬ ಮಾತು ಸುಲಭವಾಗಿ ಕೇಳಿಬರುವುದು. ಆದರೆ ಅನೇಕ ಸಂದರ್ಭಗಳಲ್ಲಿ ದೋಷವು ಟರ್ಬೊವಿನಲ್ಲಿರದೆ ಅದರ ಸುತ್ತಲಿನ ಅಲ್ಪ ಬೆಲೆಯ ಭಾಗಗಳಲ್ಲಿರುವುದು. ಆದುದರಿಂದ ಪರೀಕ್ಷೆಯ ಕ್ರಮವನ್ನು ವಾಹನದ ಒಡೆಯರು ತಿಳಿದಿರುವುದು ಅವಶ್ಯಕ.

ಟರ್ಬೊವಿನ ಕೆಲಸ.— ಕಮ್ಮಾರನ ಕುಲುಮೆಗೆ ತಿದಿಯು ಹೇಗೋ, ಡೀಸೆಲ್ ಎಂಜಿನ್ನಿಗೆ ಟರ್ಬೊ ಹಾಗೆ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯು ಒಂದು ಚಕ್ರವನ್ನು ತಿರುಗಿಸುವುದು. ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರವು ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿನೊಳಕ್ಕೆ ಒತ್ತುವುದು. ಹೀಗೆ ಒತ್ತಲ್ಪಟ್ಟ ಗಾಳಿಯ ಹೆಚ್ಚುವರಿ ಒತ್ತಡವನ್ನೇ ಮೆಕ್ಯಾನಿಕರು ಬೂಸ್ಟ್ ಎನ್ನುವರು. ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರು ಆಲ್ಫ್ರೆಡ್ ಬ್ಯೂಖಿ ಎಂಬುವರು 1905ರಲ್ಲಿ ಪೇಟೆಂಟು ಪಡೆದರು. ಸಣ್ಣ ವಾಹನಗಳ ಟರ್ಬೊ ದಂಡವು ನಿಮಿಷಕ್ಕೆ 1,00,000 ಸುತ್ತುಗಳಿಗೂ ಮೀರಿ ತಿರುಗಬಲ್ಲುದು. ಒತ್ತಡವು ಮಿತಿಮೀರದಂತೆ ಆಕ್ಚುಯೇಟರ್ ಎಂಬ ಸಾಧನವು ಒಂದು ಕಡ್ಡಿಯನ್ನು ಎಳೆದು ಬಿಟ್ಟು ಮಾಡುತ್ತಿರುವುದು.

ಭಾರವೂ ವೇಗವೂ ಬದಲಾದಂತೆ ಬೂಸ್ಟ್ ಬದಲಾಗುವುದು ಸಹಜವೇ. ಒಂದೇ ಗೇರಿನಲ್ಲಿ, ಒಂದೇ ಏರಿನಲ್ಲಿ, ಎಕ್ಸಲರೇಟರನ್ನು ಅಲುಗಿಸದೆ ಒತ್ತಿ ಹಿಡಿದಿರುವಾಗಲೂ ಎಳೆತವು ಏರಿಳಿದರೆ ಮಾತ್ರ ಅದನ್ನು ದೋಷವೆಂದೆಣಿಸತಕ್ಕದ್ದು.

ಕೆಲವು ಕಾಲದ ಹಿಂದೆ ನಾನು ಸರ್ಕೀಟಿನಲ್ಲಿದ್ದಾಗ ಕಂಡ ಒಂದು ನಿದರ್ಶನವನ್ನು ಹೇಳುವೆನು. ಜಮೀನುದಾರರೊಬ್ಬರು ತಮ್ಮ ಪಿಕಪ್ಪಿಗೆ ಬಹಳ ಹಣ ತೆತ್ತು ಹೊಸ ಟರ್ಬೊ ಹಾಕಿಸಿದ್ದರು. ಮೂರನೆಯ ದಿನವೇ ಹಳೆಯ ತೊಂದರೆಯು ಮರುಕಳಿಸಿತು. ವಾಹನವು ದಾರಿಯಲ್ಲಿ ನಿಂತು ಎರಡು ಹೇರು ಟೊಮೇಟೋ ಮೆತ್ತಗಾಯಿತು. ಕಡೆಗೆ ನೋಡಲಾಗಿ, ಆಕ್ಚುಯೇಟರಿಗೆ ಹೋಗುವ ಸಣ್ಣ ರಬ್ಬರು ಕೊಳವೆಯು ಕಬ್ಬಿಣದ ಪಟ್ಟಿಗೆ ಉಜ್ಜಿ ಸೀಳಿತ್ತು. ಎಂಜಿನ್ ಸುಮ್ಮನೆ ನಡೆಯುತ್ತಿರುವಾಗ ಸೀಳು ಮುಚ್ಚಿಕೊಂಡಿದ್ದು, ಭಾರ ಬಿದ್ದು ಅಲುಗಿದೊಡನೆ ಬಾಯಿಬಿಡುತ್ತಿತ್ತು. ಗೇಣುದ್ದದ ಕೊಳವೆಯಿಂದ ಎಲ್ಲವೂ ಸರಿಹೋಯಿತು.

ಪರೀಕ್ಷೆಯ ಕ್ರಮ.— ಎಂಜಿನ್ ನಿಂತು ಚೆನ್ನಾಗಿ ತಣ್ಣಗಾದ ಮೇಲೆ, ಸುಲಭವಾದುದರಿಂದ ಕಠಿಣವಾದುದಕ್ಕೆ ಹೋಗತಕ್ಕದ್ದು.

1. ಏರ್ ಫಿಲ್ಟರ್. ಕಣದ ಹೊಟ್ಟು, ರಸ್ತೆಯ ಧೂಳು ಇದನ್ನು ಬೇಗನೆ ಕಟ್ಟಿಸುವುವು. ಫಿಲ್ಟರಿನಿಂದ ಟರ್ಬೊವಿಗೆ ಹೋಗುವ ಹೋಸ್ ಮೆತ್ತಗಾಗಿದ್ದರೆ ಸೆಳೆತಕ್ಕೆ ಒಳಮುಖವಾಗಿ ಕುಗ್ಗುವುದು. ಅದನ್ನೂ ಹಿಸುಕಿ ನೋಡಬೇಕು.

2. ಟರ್ಬೊವಿನಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ಹೋಸುಗಳು. ಕ್ಲಿಪ್ಪು ಸಡಿಲವಾದ ಕಡೆಯಲ್ಲಿ ಎಣ್ಣೆ ಬೆರೆತ ಧೂಳು ಅಂಟಿರುವುದು. ಏರಿನಲ್ಲಿ ಬುಸ್ಸೆಂಬ ಶಬ್ದವೂ ಕಪ್ಪು ಹೊಗೆಯೂ ಕೂಡಿ ಬಂದರೆ ಇಲ್ಲಿ ಗಾಳಿ ಸೋರುತ್ತಿದೆಯೆಂದು ಶಂಕಿಸಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಕ್ಕೊಳಪಟ್ಟ ವಾಹನಗಳಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರ್ ಇರುವುದರಿಂದ ಹೊಗೆ ಕಾಣದೆಯೂ ಇರಬಹುದು.

3. ಡೀಸೆಲ್ ಫಿಲ್ಟರ್. ಡೀಸೆಲು ಸಾಕಷ್ಟು ಬಾರದಿದ್ದರೆ ಹೊಗೆಯ ಬಲ ಕುಗ್ಗಿ, ಟರ್ಬೊ ನಿಧಾನವಾಗಿ ಬೂಸ್ಟೂ ಇಳಿಯುವುದು. ಇಲ್ಲಿ ಕಪ್ಪು ಹೊಗೆಯಿಲ್ಲದೆ ಬಲ ಕುಂದುವುದೇ ಗುರುತು.

4. ವ್ಯಾಕ್ಯೂಮ್ ಕೊಳವೆಗಳೂ ಆಕ್ಚುಯೇಟರೂ. ಕೊಳವೆಗಳನ್ನು ಬಗ್ಗಿಸಿ ಸೀಳುಗಳನ್ನು ಹುಡುಕಬೇಕು. ವ್ಯಾಕ್ಯೂಮಿನಿಂದ ನಡೆಯುವ ಆಕ್ಚುಯೇಟರನ್ನು ಮೆಕ್ಯಾನಿಕನು ಕೈ ಪಂಪಿನಿಂದ ಪರೀಕ್ಷಿಸಬಹುದು. ಕಡ್ಡಿಯು ತಡೆಯಿಲ್ಲದೆ ಸರಿದು, ಸರಿದಲ್ಲಿಯೇ ನಿಲ್ಲಬೇಕು. ನಿಲ್ಲದಿದ್ದರೆ ಒಳಗಿನ ರಬ್ಬರು ಹರಿದಿದೆ. ತಡೆತಡೆದು ಸರಿದರೆ ಮಸಿ ಕಟ್ಟಿದೆ.

5. ಸೆನ್ಸರುಗಳು. ಬಲ ತಟ್ಟನೆ ಇಳಿದು, ಕೀಲಿಯನ್ನು ಆರಿಸಿ ಪುನಃ ಹಾಕಿದ ಮೇಲೆ ಸರಿಹೋದಂತೆ ತೋರಿದರೆ, ಎಂಜಿನ್ನಿನ ಕಂಪ್ಯೂಟರೇ ರಕ್ಷಣೆಗಾಗಿ ಬಲವನ್ನು ತಗ್ಗಿಸಿರಬಹುದು. ಸ್ಕ್ಯಾನರಿನಲ್ಲಿ ಅಪೇಕ್ಷಿತ ಬೂಸ್ಟನ್ನೂ ನಿಜವಾದ ಬೂಸ್ಟನ್ನೂ ಓಡುತ್ತಿರುವಾಗಲೇ ಹೋಲಿಸಿ ನೋಡಲು ಹೇಳಬೇಕು. ಒತ್ತಡದ ಸೆನ್ಸರಿನ ಬಾಯಿಗೆ ಮಸಿ ಕಟ್ಟಿದ್ದರೂ ತಪ್ಪು ಅಳತೆ ಬರುವುದು.

6. ಕಟ್ಟಕಡೆಗೆ ಟರ್ಬೊ. ದಂಡವು ಅಕ್ಕಪಕ್ಕಕ್ಕೆ ತುಸು ಅಲುಗುವುದು ದೋಷವಲ್ಲ. ಎಣ್ಣೆಯ ಪದರಕ್ಕಾಗಿ ಅಷ್ಟು ಎಡೆ ಇರಲೇಬೇಕು. ಹಿಂದಕ್ಕೂ ಮುಂದಕ್ಕೂ ಸ್ಪಷ್ಟವಾಗಿ ಸರಿದರೆ, ರೆಕ್ಕೆಗಳು ಗೂಡಿಗೆ ತಾಗಿದ್ದರೆ, ಅಥವಾ ರೆಕ್ಕೆ ಮುರಿದಿದ್ದರೆ ಮಾತ್ರ ಅದನ್ನು ಬಿಚ್ಚಿಸತಕ್ಕದ್ದು.

ಎಚ್ಚರಿಕೆ.— ನೀಲಿ ಹೊಗೆ ದಟ್ಟವಾಗಿ ಬಂದು ಎಣ್ಣೆಯ ಮಟ್ಟ ಇಳಿಯುತ್ತಿದ್ದರೆ ವಾಹನವನ್ನು ಮುಂದಕ್ಕೆ ಓಡಿಸಲೇಕೂಡದು. ಟರ್ಬೊವಿನಿಂದ ಸೋರಿದ ಎಣ್ಣೆಯನ್ನೇ ಉರಿಸಿಕೊಂಡು ಎಂಜಿನ್ ಹುಚ್ಚುವೇಗದಲ್ಲಿ ಓಡಬಹುದು. ಆಗ ಕೀಲಿಯನ್ನು ಆರಿಸಿದರೂ ಅದು ನಿಲ್ಲದು. ಗಾಳಿಯ ಹೋಸನ್ನು ಬಿಚ್ಚಿಟ್ಟು ಎಂಜಿನ್ ನಡೆಸಿ, ಟರ್ಬೊವಿನ ಬಾಯಿಗೆ ಕೈಯೊಡ್ಡುವುದು ಪ್ರಾಣಾಪಾಯಕರ.

ತಯಾರಕರು ಸೂಚಿಸಿದ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವುದೂ, ಏರು ಹತ್ತಿ ಬಂದೊಡನೆ ಎಂಜಿನ್ನನ್ನು ಆರಿಸದೆ ಒಂದೆರಡು ನಿಮಿಷ ಸುಮ್ಮನೆ ನಡೆಯಗೊಡುವುದೂ ಟರ್ಬೊವಿನ ಆಯುಸ್ಸನ್ನು ಹೆಚ್ಚಿಸುವುವು. ಗ್ರಾಮದ ಮುಖ್ಯಸ್ಥರು ಈ ಕ್ರಮವನ್ನು ತಮ್ಮೂರಿನ ಚಾಲಕರಿಗೆ ತಿಳಿಯಹೇಳಬೇಕು. ಜಮೀನುದಾರರು ಮೊದಲ ಐದು ಪರೀಕ್ಷೆಗಳು ಮುಗಿಯುವವರೆಗೆ ಟರ್ಬೊವಿಗಾಗಿ ಹಣ ತೆರಬಾರದು. ಹೀಗೆ ನಡೆದಲ್ಲಿ ಅನಾವಶ್ಯಕವಾದ ವೆಚ್ಚವು ತಪ್ಪುವುದಲ್ಲದೆ, ಬೆಳೆದ ಫಸಲು ಬಾಡದೆ ಮಾರುಕಟ್ಟೆಯನ್ನು ಸೇರಲು ಅನುಕೂಲವಾಗುವುದು.